ಲಿಮಿಟ್ ಮೀರಿದ ರೈಟರು

ಗಂಭೀರವಾಗಿ ಬದುಕಬೇಕು ಎಂದು ಹೊರಟವನ ಬೆನ್ನಿಗೇ ಇಂಥವು ಬಂದು ಬೀಳುತ್ತವೆ. ನಗಿಸುವವರ ಮನೆಗೆ ಇವು ಹೋಗುವುದಿಲ್ಲ, ನನ್ನಂಥವರನ್ನೇ ಹುಡುಕಿಕೊಂಡು ಬರುತ್ತವೆ. ನಾನು ಸ್ವಭಾವದಿಂದ ನಗುವ ಮನುಷ್ಯನಲ್ಲ. ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷದಿಂದ ರೈಟರ್ ಆಗಿದ್ದೇನೆ. ಕೆಲಸದವರ ಹಾಜರಿ, ಗೊಬ್ಬರದ ಮೂಟೆ, ಒಣಗಿದ ಪಾರ್ಚ್‌ಮೆಂಟ್ ಕಾಫಿಯ ತೂಕ, ಬೆಳಿಗ್ಗೆ ಎಂಟು ಗಂಟೆಗೆ ಹಿಂದಿನ ದಿನದ ಮಳೆ, ಇಷ್ಟನ್ನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ಐವತ್ತೆಂಟನೇ ವಯಸ್ಸಿನಲ್ಲಿ ಒಂದು ವೆಬ್‌ಸೈಟ್ ಮಾಡಿದೆ, ಕಳಸ ಪೇಟೆ ನಕ್ಕಿತು. ಮೊದಲೇ ಹೇಳಿಬಿಡುತ್ತೇನೆ, ಅದನ್ನು ಮಾಡಿದ್ದು ಲೋಕ ನೋಡಲಿ ಎಂದಲ್ಲ. ಒಬ್ಬ ಮನುಷ್ಯ ನೋಡಲಿ ಎಂದು.

ಅಂದಾಜು ರೈಟ್ರು

ಆ ಒಬ್ಬ ಮನುಷ್ಯ ಬೇಲಿಯಾಚೆಯ ಎಸ್ಟೇಟಿನ ರೈಟರ್. ನನಗಿಂತ ಐದು ವರ್ಷ ದೊಡ್ಡವನು, ಆದರೂ ಇಬ್ಬರಿಗೂ ಏಕವಚನದ ಸಲುಗೆ. ಅವನಿಗೊಂದು ರೈನ್ ಗೇಜ್, ನನಗೊಂದು ರೈನ್ ಗೇಜ್. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ತೋಟದ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ಸಂತೆಯ ದಿನ ಹೋಟೆಲಿನಲ್ಲಿ ಕೂತು, ವಾರದ ಮಳೆಯನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಂಡು, ಕಾಫಿ ಕುಡಿದು ಏಳುವುದು ನಮ್ಮ ಪದ್ಧತಿ.

ಎಂಟು ವರ್ಷದ ಹಿಂದೆ ಆಷಾಢದ ಒಂದು ಸಂತೆಯ ದಿನ ನಾನು ಹೇಳಿದೆ, "ನಿನ್ನೆ ಏಳು ಇಂಚು ನಲವತ್ತು ಸೆಂಟ್."

ಅವನು ಹೇಳಿದ, "ನಮ್ಮಲ್ಲಿ ನಾಲ್ಕು ಇಂಚು ಹತ್ತು."

ಎರಡು ಗೇಜಿನ ನಡುವೆ ಇದ್ದದ್ದು ಒಂದು ಬೇಲಿ. ಪಕ್ಕದ ಮೇಜಿನಿಂದ ಯಾರೋ "ಬೇಲಿ ದಾಟುವಾಗ ಮಳೆಗೂ ಸುಂಕ ಇದೆಯಾ ರೈಟ್ರೇ?" ಎಂದರು. ಹೋಟೆಲು ನಕ್ಕಿತು. ನನಗೆ ಉರಿಯಿತು. "ನಾನು ಅಳೆದು ಬರೆದದ್ದು. ಇವನು ಕಂಬಳಿ ಹೊದ್ದು ಮಲಗಿ ಅಂದಾಜಲ್ಲಿ ಬರೆದದ್ದು" ಎಂದುಬಿಟ್ಟೆ.

ರೈಟರಿಗೆ ಕುಡುಕ ಎನ್ನಿ, ಸಹಿಸಿಯಾನು. ಸೋಮಾರಿ ಎಂದರೂ ಸಹಿಸಿಯಾನು. ಅಳೆಯದೆ ಬರೆದ ಎಂದರೆ ಆಮೇಲೆ ಅವನು ಬರೆದ ಯಾವ ಅಂಕಿಗೂ ಬೆಲೆಯಿಲ್ಲ. ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಮುಂದಿನ ಸಂತೆಯ ಹೊತ್ತಿಗೆ ಅವನಿಗೆ 'ಅಂದಾಜು ರೈಟ್ರು' ಎಂಬ ಹೆಸರು ನಿಂತಿತ್ತು. ಅವನ ಸಾಹುಕಾರರು ಬೆಳಿಗ್ಗೆ ಛತ್ರಿ ಹಿಡಿದು ತಾವೇ ಗೇಜಿನ ಮುಂದೆ ನಿಲ್ಲತೊಡಗಿದರು. ಅಷ್ಟು ವರ್ಷ ದುಡಿದ ಮನುಷ್ಯನ ಪಕ್ಕದಲ್ಲಿ, ಅವನನ್ನು ಕಾಯುವ ಹಾಗೆ.

ಮಳೆಗಾಲ ಮುಗಿದ ಮೇಲೆ, ಗೊಬ್ಬರದ ಮೂಟೆಗೆಂದು ನಾನೇ ಕಟ್ಟಿದ್ದ ಟಾರ್ಪಾಲನ್ನು ಬಿಚ್ಚಲು ಹೋದೆ. ಅದರ ಒಂದು ಮೂಲೆ ನನ್ನ ಗೇಜಿನ ಬಾಯಿಗೆ ನೇರವಾಗಿ ಬಾಗಿತ್ತು. ನೀರು ಇಳಿದ ಕಡೆ ಹಸಿರು ಪಾಚಿ ಗೆರೆ ಕಟ್ಟಿತ್ತು. ನನ್ನ ಏಳು ಇಂಚು ನಲವತ್ತರಲ್ಲಿ ನಾಲ್ಕು ಚಿಲ್ಲರೆ ಆಕಾಶದ್ದು, ಉಳಿದದ್ದು ಟಾರ್ಪಾಲಿನದು.

ಆಗಲೇ ಬೇಲಿ ದಾಟಿ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಅಹಂಕಾರ, ಬೇರೇನಲ್ಲ. ಮೂರು ವರ್ಷ ಕಳೆದು ಅವನು ಕೆಲಸ ಬಿಟ್ಟು ವಸ್ತಾರೆಯ ಮಗಳ ಮನೆಗೆ ಹೊರಟ. ಸಾಮಾನು ತುಂಬಿದ ಜೀಪು ನಮ್ಮ ಗೇಟಿನ ಮುಂದೆಯೇ ಹಾದುಹೋಯಿತು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂತಿದ್ದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಫೋನ್ ಮಾಡಿದರೆ ನನ್ನ ದನಿ ಕೇಳಿ ಇಡುತ್ತಿದ್ದ. ಕಾಗದ ಬರೆದರೆ ಒಡೆಯದೆ ವಾಪಸು ಬಂತು. ಅಂದದ್ದು ಹೋಟೆಲಿನಲ್ಲಿ ತಾನೆ, ಅಲ್ಲೇ ತಪ್ಪೊಪ್ಪಿಕೊಳ್ಳೋಣ ಎಂದು ಕಳೆದ ವರ್ಷ ಒಂದು ಸಂತೆಯ ದಿನ ಎದ್ದು ನಿಂತು, ಆ ಮಳೆಯ ವಿಷಯ ಎತ್ತಿದೆ. ಹೋಟೆಲಿನವರು ಗಲ್ಲಾದಿಂದ ತಲೆಯೆತ್ತಿ, "ಏಳು ವರ್ಷದ ಹಿಂದಿನ ಮಳೆಯಾ? ಆವತ್ತಿನ ಛತ್ರಿಯೇ ಈಗ ಇಲ್ಲ ಮಾರಾಯ್ರೇ, ಕೂತ್ಕೊಳ್ಳಿ" ಎಂದರು.

ಬಿಟ್ಟಿ ಜಾಗ

ವೆಬ್‌ಸೈಟಿನ ದಾರಿ ತೋರಿಸಿದ್ದು ಪೇಟೆಯ ಜೆರಾಕ್ಸ್ ಅಂಗಡಿಯ ಹೆಂಗಸು. ಕಾಗದ ವಾಪಸು ಬಂದದ್ದನ್ನು ಕೇಳಿ ಆಕೆ ಹೇಳಿದಳು, "ನಾಲ್ಕು ಜನರ ಎದುರು ಅಂದದ್ದನ್ನ ನಾಲ್ಕೂರಿನ ಎದುರು ತಿದ್ದಿ ಅಣ್ಣ. ಇಂಟರ್‌ನೆಟ್ಟಲ್ಲಿ ಹಾಕಿದ್ರೆ ವಾಪಸು ಕಳ್ಸಕ್ಕೆ ಯಾರಿಗೂ ಆಗಲ್ಲ."

ಮಾತು ಸರಿ ಎನ್ನಿಸಿತು. ರೈಟರಿಗೆ ತಿದ್ದುವ ಕ್ರಮ ಒಂದಿದೆ. ಬಿಳಿ ಹಚ್ಚುವಂತಿಲ್ಲ, ಕೆರೆದು ಅಳಿಸುವಂತಿಲ್ಲ. ತಪ್ಪಿನ ಮೇಲೆ ಕೆಂಪು ಶಾಯಿಯ ಒಂದೇ ಗೆರೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಸಹಿ. ಕೆಳಗಿದ್ದ ತಪ್ಪೂ ಕಾಣುತ್ತಿರಬೇಕು. ನಮ್ಮ ಸಾಹುಕಾರರ ಹತ್ತಿರ ಹಳೇ ಮಳೆ ಪುಸ್ತಕ ತೆಗೆಯಲು ಒಪ್ಪಿಗೆ ಕೇಳಿದೆ. "ಬಿದ್ದು ಹೋದ ಮಳೆ ತಿದ್ದಕ್ಕೆ ನನ್ನ ಪರ್ಮಿಷನ್ ಎಂತಕ್ರೀ?" ಎಂದರು. ಏಳು ಇಂಚು ನಲವತ್ತರ ಮೇಲೆ ಗೆರೆ ಎಳೆದೆ. ಗೆರೆ ನೆಟ್ಟಗೇ ಬಂತು. ಜೆರಾಕ್ಸಿನಾಕೆ ಆ ಪುಟವನ್ನು ಸ್ಕ್ಯಾನ್ ಮಾಡಿದಳು.

ಇನ್ನು ಅದನ್ನು ಇಡಲು ಜಾಗ ಬೇಕು, ಅದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ, ಬಿಟ್ಟಿಯೂ ಸಿಗುತ್ತದೆ, ಕಾಸಿಗೂ ಸಿಗುತ್ತದೆ ಎಂದಳು. ಬಿಟ್ಟಿ ಎಂದಮೇಲೆ ಇನ್ನೇನು ನೋಡುವುದು? ಸಂಜೆಯೊಳಗೆ ವೆಬ್‌ಸೈಟ್ ನಿಂತಿತು. ಮನೆಗೆ ಬಂದು ಹೆಂಡತಿಯ ಕೈಗೆ ಫೋನ್ ಕೊಟ್ಟು, ಜೋರಾಗಿ ಓದು ಎಂದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ಅಂದಿನ ಮಳೆ ನಾಲ್ಕು ಇಂಚು ಹತ್ತು ಸೆಂಟ್ ಎಂಬ ನನ್ನ ಮಿತ್ರರ ಅಳತೆಯೇ ಸರಿ. ನನ್ನದು ತಪ್ಪು. ಟಾರ್ಪಾಲು ಕಟ್ಟಿದವನೂ ನಾನೇ. ಅವರು ಅಂದಾಜಿನಲ್ಲಿ ಬರೆದರು ಎಂದು ನಾಲ್ವರ ಮುಂದೆ ಆಡಿದ್ದಕ್ಕೆ ನಾಲ್ವರ ಮುಂದೆಯೇ ಕ್ಷಮೆ ಕೇಳುತ್ತೇನೆ. ಶತ್ರುನಾಶಕ್ಕೆ ಒಂದೇ ಕರೆ ಸಾಕು, ಎಂಥ ಬಲಿಷ್ಠ ವೈರಿಯಾದರೂ ಒಂಬತ್ತು ದಿನದಲ್ಲಿ ನಿಮ್ಮ ಕಾಲಿಗೆ."

ನಾನು ಎದ್ದು ಕೂತೆ. ಬಿಟ್ಟಿ ಜಾಗ ಕೊಟ್ಟವರು ಜಾಹೀರಾತು ಹಾಕಿಕೊಳ್ಳುತ್ತಾರೆ ಎನ್ನುವುದು ಆಗ ತಿಳಿಯಿತು. ಹೆಂಡತಿ ಕನ್ನಡಕ ತೆಗೆದು, "ಎಲ್ಲ ಚೆನ್ನಾಗಿ ಬರೆದಿದ್ದೀರಿ. ಕೊನೇ ಸಾಲು ಒಂದು ಬೇಡ ಇತ್ತು" ಎಂದಳು.

ಎಷ್ಟು ಪುಸ್ತಕ ಬರೆದಿದ್ದೀರಿ?

ಕಾಸು ಕೊಟ್ಟೇ ಜಾಗ ಹಿಡಿಯುವುದೆಂದು ಹೋಸ್ಟಿಂಗ್ ಕಂಪನಿಯೊಂದಕ್ಕೆ ಫೋನ್ ಮಾಡಿದೆ. ಬೆಂಗಳೂರಿನ ಕಡೆಯ ಕನ್ನಡ ಮಾತಾಡುವ, ಬಹಳ ವಿನಯದ ಹುಡುಗ ಸಿಕ್ಕಿದ.

"ತಮ್ಮ ಉದ್ಯೋಗ ಸರ್?"

"ರೈಟರ್."

ಅವನ ದನಿಯೇ ಬದಲಾಯಿತು. "ಓ, ತುಂಬಾ ಸಂತೋಷ ಸರ್! ಎಷ್ಟು ಪುಸ್ತಕ ಬರೆದಿದ್ದೀರಿ?"

"ವರ್ಷಕ್ಕೆ ಐದು. ಮೂವತ್ತು ವರ್ಷದಿಂದ."

"ನೂರೈವತ್ತು ಪುಸ್ತಕ! ಯಾರು ಸರ್ ಪಬ್ಲಿಷ್ ಮಾಡೋದು?"

"ಯಾರೂ ಇಲ್ಲ. ಎಲ್ಲ ಒಂದೊಂದೇ ಪ್ರತಿ. ಸಾಹುಕಾರ್ರು ಓದಿ ಸಹಿ ಹಾಕ್ತಾರೆ."

"ಅಂಥ ಓದುಗರು ಈಗ ಎಲ್ಲಿದ್ದಾರೆ ಸರ್. ಈಗ ಯಾವುದು ಬರೀತಾ ಇದ್ದೀರಿ?"

"ಹಾಜರಿ."

"ಹಾಜರಿ... ಹೆಸರಲ್ಲೇ ಏನೋ ಇದೆ ಸರ್."

ನಾನು ತಿದ್ದಲು ಹೋಗಲಿಲ್ಲ. ಒಂದು ತಿದ್ದಿದ್ದಕ್ಕೇ ಇಷ್ಟು ಓಡಾಟ. ಅವನು ಮುಂದುವರಿಸಿದ. ಸೈಟನ್ನು ಎಷ್ಟು ಜನ ತೆರೆದು ನೋಡುತ್ತಾರೋ ಅದರ ಮೇಲೆ ಬ್ಯಾಂಡ್‌ವಿಡ್ತ್ ತೆಗೆದುಕೊಳ್ಳಬೇಕಂತೆ. ಅದು ನಮ್ಮ ಕೂಲಿಯವರ ಲೈನ್ ಮನೆಗಳ ನೀರಿನ ಟ್ಯಾಂಕಿನ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ತಿಂಗಳ ಮೊದಲ ದಿನ ತುಂಬಿಸುತ್ತಾರೆ, ಬಂದವರೆಲ್ಲ ಒಂದೊಂದು ಕೊಡ ಹಿಡಿಯುತ್ತಾರೆ, ಖಾಲಿಯಾದರೆ ಮುಂದಿನ ತಿಂಗಳವರೆಗೆ ನಲ್ಲಿ ಒಣ.

"ತಿಂಗಳಿಗೆ ಎಷ್ಟು ಜನ ಬರಬಹುದು ಸರ್?"

"ಒಬ್ಬ."

"ಒಂದು ಸಾವಿರನಾ ಸರ್?"

"ಒಬ್ಬ. ಅವನೂ ಬಂದ್ರೆ."

ಎಲ್ಲಕ್ಕಿಂತ ಚಿಕ್ಕ ಪ್ಲಾನ್ ಕೊಟ್ಟ. ಪುಟ ಎಲ್ಲಿ ಇಡುತ್ತೀರಿ ಎಂದದ್ದಕ್ಕೆ ಸಿಂಗಾಪುರ ಎಂದ. ಅಲ್ಲಿಂದ ಬೇಗ ಬರುತ್ತದಂತೆ. ಬೇಲಿ ದಾಟಲಾರದ ಮಳೆ ಸಮುದ್ರ ದಾಟಿ ಹೋಯಿತು.

ವಸ್ತಾರೆಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಹಿರಿಮಗಳು, ಅಲ್ಲಿನ ಶಾಲೆಯ ಟೀಚರ್. ಸೈಟಿನ ವಿಳಾಸ ಹೇಳಿದೆ. "ಬರ್ಕೊಂಡೆ ಅಂಕಲ್" ಎಂದು, ಆಮೇಲೆ ದನಿ ತಗ್ಗಿಸಿ, "ಅಪ್ಪ ಇಲ್ಲೇ ಕೂತಿದ್ದಾರೆ. ನೋಡಲ್ಲ ಅಂತ ಹೇಳು ಅಂತಿದ್ದಾರೆ" ಎಂದಳು. ಹೆಂಡತಿ ಪಕ್ಕದಲ್ಲೇ ಇದ್ದಳು. "ಸಿಂಗಾಪುರದವರಿಗೆಲ್ಲ ಗೊತ್ತಾಯ್ತು. ವಸ್ತಾರೆಯವರಿಗೊಬ್ಬರಿಗೆ ಗೊತ್ತಾಗ್ಲಿಲ್ಲ" ಎಂದಳು.

ಎಷ್ಟು ದಿನದಿಂದ?

ಒಬ್ಬನಿಗೆಂದು ತುಂಬಿಸಿದ ಟ್ಯಾಂಕು ಹನ್ನೆರಡನೇ ತಾರೀಕಿಗೇ ಖಾಲಿ. ಸೈಟ್ ತೆರೆದರೆ ನನ್ನ ಹೆಸರು, ಅದರ ಮುಂದೆ ರೈಟರ್ ಎಂಬ ಪದ, ಕೆಳಗೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ಒಂದೇ ಮಾತು, 'ಲಿಮಿಟ್ ಮೀರಿದೆ'.

ಇದನ್ನು ನಮ್ಮ ಸಾಹುಕಾರರಿಗೆ ಯಾರೋ ತೋರಿಸಿದರು. ಅವರು ನನ್ನನ್ನು ಆಫೀಸಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಎದುರಿಗೆ ಕೂರಿಸಿಕೊಂಡರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ರೈಟ್ರೇ, ನಾನು ಕೇಳ್ಬಾರ್ದು. ಆದ್ರೂ ಕೇಳ್ತೀನಿ. ಎಷ್ಟು ದಿನದಿಂದ ಇದು?"

"ಹನ್ನೆರಡನೇ ತಾರೀಕಿಂದ ಸಾರ್."

"ಮನೇಲಿ ಗೊತ್ತಾ?"

"ಗೊತ್ತು. ಮೊದಲು ನೋಡಿದ್ದೇ ಅವಳು."

"ನಿಮ್ಮಂಥೋರು..." ಅವರು ನಿಟ್ಟುಸಿರು ಬಿಟ್ಟರು. "ಲಿಮಿಟಲ್ಲಿ ಇಟ್ಕೊಳ್ಳಕ್ಕೆ ಆಗಲ್ವಾ?"

"ಒಬ್ಬನಿಗೆ ಅಂತ ತಗೊಂಡಿದ್ದು ಸಾರ್. ಯಾರು ಖಾಲಿ ಮಾಡ್ತಿದ್ದಾರೋ ಗೊತ್ತಾಗ್ತಿಲ್ಲ."

"ದಿನಕ್ಕೆ ಎಷ್ಟಾಗ್ತದೆ?"

"ಹೆಚ್ಚುಕಮ್ಮಿ ಎರಡು ಜಿಬಿ."

ಸಾಹುಕಾರರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಅದು ಯಾವ ಬ್ರಾಂಡ್ ರೀ? ನಾನು ಕೇಳೇ ಇಲ್ವಲ್ಲ" ಎಂದರು.

ಯಂತ್ರಕ್ಕೆ ಬಂದ ಕರುಣೆ

ಜೆರಾಕ್ಸಿನಾಕೆ ಕಾರಣ ಹುಡುಕಿದಳು. ನಾನು ಸ್ಪಷ್ಟವಾಗಿರಲಿ ಎಂದು ಹೇಳಿಹೇಳಿ, ಪುಟವನ್ನು ಭಾರೀ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದ್ದೆ. ಒಂದೊಂದು ಸಲ ತೆರೆದಾಗಲೂ ಕೊಡವಲ್ಲ, ಡ್ರಮ್ಮೇ ಖಾಲಿಯಾಗುತ್ತಿತ್ತು. ಚಿಕ್ಕದು ಮಾಡೋಣ ಎಂದು ಮಾಡಿ ತೋರಿಸಿದಳು. ಕೆಂಪು ಗೆರೆಯ ಪಕ್ಕದ ನನ್ನ ಸಹಿ ಮಸುಕಾಗಿತ್ತು. ಸಹಿ ಕಾಣದ ತಿದ್ದುಪಡಿಯನ್ನು ಯಾರು ಬೇಕಾದರೂ ಮಾಡಬಹುದು, ಬೇಡ ಎಂದೆ.

ಮುಂದಿನ ತಿಂಗಳೂ ಹನ್ನೆರಡಕ್ಕೇ ಒಣಗಿತು. ಮೂರನೇ ತಿಂಗಳು ಟ್ಯಾಂಕು ತುಂಬಿದ ಕೂಡಲೇ ಹೋಸ್ಟಿಂಗ್ ಕಂಪನಿಯ ಆ ವಿನಯದ ಹುಡುಗನಿಗೆ ಮತ್ತೆ ಫೋನ್ ಮಾಡಿದೆ. ಯಾರು ಬಂದರು ಎಂಬ ಪಟ್ಟಿ ತೆಗೆದು ನೋಡಿದ. "ಸರ್, ಎಲ್ಲವೂ ಒಂದೇ ಕಡೆಯಿಂದ. ಬೆಂಗಳೂರು ಅಂತ ತೋರಿಸ್ತಿದೆ. ದಿನಕ್ಕೆ ನಲವತ್ತು, ಐವತ್ತು ಸಲ, ಅದೇ ಒಂದು ಪುಟ. ಇದು ರೋಬೋ ಸರ್. ಇಂಟರ್‌ನೆಟ್ಟಲ್ಲಿ ಸುಮ್ಮನೆ ಅಲೆಯೋ ಯಂತ್ರ."

"ಮನುಷ್ಯ ಆಗಿರಬಹುದಲ್ವಾ?"

"ಒಂದೇ ಪುಟವನ್ನ ದಿನಕ್ಕೆ ಐವತ್ತು ಸಲ ಓದೋ ಮನುಷ್ಯ ಎಲ್ಲಿ ಸರ್ ಇದ್ದಾನೆ? ನಿಮ್ಮ ಓದುಗರ ಮೇಲೆ ಅಭಿಮಾನ ಇರಲಿ, ಆದರೆ ಇದು ರೋಬೋನೇ. ಬ್ಲಾಕ್ ಮಾಡಿ."

ಅವನು ಹೇಳಿದ ಕಡೆ ಹೇಳಿದ ಹಾಗೆ ಒತ್ತಿದೆ. ಆ ಒಂದು ವಿಳಾಸಕ್ಕೆ ಮಾತ್ರ ನನ್ನ ಸೈಟಿನ ಬಾಗಿಲು ಮುಚ್ಚಿತು.

ಆಮೇಲೆ ಒಂದು ಹನಿ ಖರ್ಚಾಗಲಿಲ್ಲ. ದಿನಾ ಬೆಳಿಗ್ಗೆ ನೋಡುತ್ತಿದ್ದೆ, ಬಂದವರು ಸೊನ್ನೆ. ಹನ್ನೊಂದು ದಿನ ಸೊನ್ನೆ. ಅಂದರೆ ಇಷ್ಟು ದಿನ ಬಂದದ್ದು ಅದೊಂದೇ. ಅವನು ಒಮ್ಮೆಯೂ ಬಂದಿರಲಿಲ್ಲ. ಲಿಮಿಟ್ ಮೀರುತ್ತಿದ್ದಾಗ ಸಿಟ್ಟು ಬರುತ್ತಿತ್ತು ನಿಜ, ಆದರೆ ಒಳಗೆಲ್ಲೋ ಒಂದಿಷ್ಟು ಆಸೆಯೂ ಇತ್ತು, ಈಗ ಅದೂ ಹೋಯಿತು. ಊಟ ಸೇರಲಿಲ್ಲ. ಹೆಂಡತಿ ಸಮಾಧಾನ ಹೇಳುವವಳ ಹಾಗೆ ಬಂದು ಪಕ್ಕದಲ್ಲಿ ಕೂತಳು. "ಹೋಗ್ಲಿ ಬಿಡಿ. ಯಂತ್ರವಾದ್ರೂ ಐವತ್ತು ಸಲ ಓದಿ ಕ್ಷಮಿಸಿರ್ತದೆ" ಎಂದಳು.

ಫರ್ಬಿಡನ್

ಹನ್ನೆರಡನೇ ದಿನ ಬೆಳಿಗ್ಗೆ ಹಾಜರಿ ಕರೆದು ಮುಗಿಸಿ ಕೂತಿದ್ದೆ. ಫೋನ್ ಬಂತು.

"ರೈಟ್ರಾ ಮಾತಾಡೋದು?"

ಎಂಟು ವರ್ಷವಾದರೂ ದನಿ ಮರೆಯುತ್ತದೆಯೇ? ನಾನು ಹೂಂ ಎನ್ನುವ ಮೊದಲೇ ಅವನು ಶುರುಮಾಡಿದ.

"ಏನ್ರೀ, ಬಾಗಿಲಿಗೆ ಬೀಗ ಹಾಕೋದಾದ್ರೆ ವಿಳಾಸ ಎಂತಕ್ಕೆ ಕೊಟ್ರಿ? ಹನ್ನೊಂದು ದಿನ ಆಯ್ತು. ತೆಗೆದ್ರೆ 'ಫರ್ಬಿಡನ್, ನಿಮಗೆ ಪರ್ಮಿಷನ್ ಇಲ್ಲ' ಅಂತ ಬರ್ತದೆ. ಈಗ ನೋಡಿದ್ರೆ ಪಕ್ಕದ ಮನೇಲಿ ಬರ್ತದಂತೆ, ನಮ್ಮನೇಲಿ ಮಾತ್ರ ಇಲ್ಲ. ಅದು ತಾನಾಗೇ ಆಗೋದಲ್ಲ, ಅವರೇ ಬೇಕಂತ ಮಾಡಿದ್ದು ಅಂತಾಳೆ ಮಗಳು. ಕ್ಷಮೆ ಕೇಳೋದೂ ನೀವೇ, ಓದಬೇಡ ಅನ್ನೋದೂ ನೀವೇ. ಇದೆಂಥ ಕ್ಷಮೆ ಮಾರಾಯ್ರೇ?"

ಅವನು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಬೈಗುಳಕ್ಕಿಂತ ಅದು ಹೆಚ್ಚು ನಾಟಿತು.

"ಆ ರೋಬೋ ನೀನಾ?" ಎಂದೆ.

"ಯಾರ್ರೀ ರೋಬೋ?"

ನಡೆದದ್ದನ್ನೆಲ್ಲ ಹೇಳಿದೆ. ವಸ್ತಾರೆಯ ಇಂಟರ್‌ನೆಟ್ಟು ಬೆಂಗಳೂರಿನ ಹೆಸರಲ್ಲಿ ಹೊರಡುತ್ತದೆ ಎಂಬುದು ನನಗೇನು ಗೊತ್ತು? ಯಾರಿಗೋಸ್ಕರ ಇಷ್ಟೆಲ್ಲ ಕಟ್ಟಿದೆನೋ, ಲೋಕದಲ್ಲಿ ಅವನೊಬ್ಬನನ್ನೇ ಆರಿಸಿ ಹೊರಗೆ ಹಾಕಿದ್ದೆ.

"ಅಲ್ಲ, ದಿನಕ್ಕೆ ಐವತ್ತು ಸಲ ಎಂತ ಓದ್ತಿದ್ದೆ? ಇರೋದು ಒಂದು ಪುಟ."

ಆ ಕಡೆ ದನಿ ತಗ್ಗಿತು. "ಓದಿದ್ದು ಒಂದೇ ಸಲ. ಉಳಿದದ್ದೆಲ್ಲ ತೋರ್ಸಿದ್ದು."

"ಯಾರಿಗೆ?"

"ಬಂದವರಿಗೆ. ಹಾಲು ಹಾಕೋನು, ಪೋಸ್ಟ್‌ನೋನು, ಸಿಲಿಂಡರ್ ತರೋನು. ಮಗಳ ಶಾಲೆಯ ಟೀಚರ್ಸ್ ಎಲ್ಲ ಒಂದು ದಿನ, ಅವರ ಹಿಂದೆ ಪೇರೆಂಟ್ಸು. ಕರೆಂಟ್ ಮೀಟರ್ ಓದೋನು ಬಂದಿದ್ದ, ಅವನಷ್ಟು ಚೆನ್ನಾಗಿ ಯಾರೂ ಅರ್ಥ ಮಾಡ್ಕೊಳ್ಲಿಲ್ಲ. ನನ್ನ ಫೋನಲ್ಲಿ ತೋರ್ಸಿದ್ರೆ ನಾನೇ ಮಾಡಿಸ್ಕೊಂಡಿದ್ದು ಅಂತಾರೆ. ಅದ್ಕೆ ನಮ್ಮನೆ ವೈಫೈ ಕೊಟ್ಟು ಅವರವರ ಫೋನಲ್ಲೇ ತೆಗೆಸ್ತಿದ್ದೆ. ಈಗ ಇಲ್ಲಿ ಸಂತೆಗೆ ಬಂದವರೂ ನಮ್ಮನೆಗೊಂದು ಸಲ ಬಂದು ಹೋಗ್ತಾರೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. ಅವನು ಮುಂದುವರಿಸಿದ.

"ನಮ್ಮ ಹಳೇ ಸಾವ್ಕಾರ್ರೂ ಬಂದಿದ್ರು, ಚಿಕ್ಕಮಗಳೂರಿಗೆ ಹೋಗೋ ದಾರೀಲಿ. ಅವರ ಫೋನಲ್ಲೂ ತೆಗೆಸ್ದೆ. ಎರಡು ಸಲ ಓದಿದ್ರು."

"ಎಂತ ಅಂದ್ರು?"

"ಎಂತದೂ ಅನ್ಲಿಲ್ಲ. ನನ್ನ ಕೈ ಹಿಡ್ಕೊಂಡು ಕೂತ್ರು." ನನ್ನ ಕಣ್ಣು ತುಂಬಿತು. ಹಾಜರಿ ಪುಸ್ತಕ ಒದ್ದೆಯಾಗಬಾರದೆಂದು ಪಕ್ಕಕ್ಕೆ ಸರಿಸಿದೆ.

"ತಪ್ಪಾಯ್ತು ಕಣಾ" ಎಂದೆ. ಎಂಟು ವರ್ಷದ ಹಿಂದೆ ಬೇಲಿಯ ಹತ್ತಿರ ಹೇಳಬೇಕಾಗಿದ್ದದ್ದು ಇಷ್ಟೇ.

"ಅದು ಗೊತ್ತಿರೋದೇ. ವಸ್ತಾರೆಗೆಲ್ಲ ಗೊತ್ತು. ಈಗ ಮೊದಲು ಬೀಗ ತೆಗಿ." ಅಷ್ಟಕ್ಕೇ ಬಿಡಲಿಲ್ಲ. "ನಾಡಿದ್ದು ಕಿರಿಮಗಳನ್ನ ನೋಡಕ್ಕೆ ಗೋಣಿಬೀಡಿಂದ ಬರ್ತಿದ್ದಾರೆ. ಹುಡುಗನ ಅಪ್ಪನೂ ಎಸ್ಟೇಟ್ ರೈಟರ್ ಆಗಿದ್ದೋರು. ನನ್ನ ಹೆಸರಿಗೆ ಮೆತ್ತಿದ್ದ 'ಅಂದಾಜು' ಅವರ ಕಿವಿಗೆ ಬೀಳದೆ ಇರ್ತದಾ? ಉಪ್ಪಿಟ್ಟು, ಕೇಸರಿಬಾತು ಆಮೇಲೆ, ಹುಡುಗಿ ಬರೋದು ಇನ್ನೂ ಆಮೇಲೆ. ಮೊದಲು ಇದು. ಹದಿನಾಲ್ಕು ಜನ, ಹದಿನಾಲ್ಕು ಫೋನು. ಒಟ್ಟಿಗೇ ತೆಗೆಸ್ತೀನಿ. ತಡಿತದೇನೋ ಮಾರಾಯ, ನಿನ್ನ ಸೈಟು?"